ವರ್ತುಲ ಮಾರ್ಗದ ಭೀತಿ

ಸ್ವದೇಶದಲ್ಲಿ ಹತ್ತು ವರ್ಷ ಮೋಟಾರು ನಡೆಸಿ ನುರಿತವನೊಬ್ಬನು ಪ್ಯಾರಿಸ್ ನಗರಕ್ಕೆ ಹೋಗಿದ್ದಾನೆಂದು ಭಾವಿಸೋಣ. ಷಾರ್ಲ್ ದ ಗಾಲ್ ವಿಮಾನ ನಿಲ್ದಾಣದಲ್ಲಿ ಬಾಡಿಗೆಯ ಕಾರೊಂದನ್ನು ಪಡೆದು, ಮಡದಿಮಕ್ಕಳನ್ನು ಕುಳ್ಳಿರಿಸಿಕೊಂಡು, ಅವನು ದಕ್ಷಿಣಾಭಿಮುಖವಾಗಿ ಹೊರಡುತ್ತಾನೆ. ಪೋರ್ತ್ ದ ಲಾ ಶಪೆಲ್ ಎಂಬಲ್ಲಿ ಹೆದ್ದಾರಿಯು ನಗರದ ವರ್ತುಲ ಮಾರ್ಗವನ್ನು ಸೇರುತ್ತದೆ. ಮುಂದೆ, ಹಿಂದೆ, ಎರಡು ಪಕ್ಕಗಳಲ್ಲಿ ವಾಹನಗಳು. ಅವುಗಳ ನಡುವೆ ನುಸುಳುವ ಮೋಟಾರ್ ಸೈಕಲ್ಲುಗಳು. ಓದಿ ಮುಗಿಸುವ ಮೊದಲೇ ಹಿಂದೆ ಸರಿಯುವ ಫಲಕಗಳು. ಅವನ ಅಂಗೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ‘ನಾನು ಇಷ್ಟು ಅಂಜುಬುರುಕನೇ?’ ಎಂದು ಅವನಿಗೆ ನಾಚಿಕೆಯಾಗುತ್ತದೆ. ಈ ನಾಚಿಕೆಗೆ ಕಾರಣವಿಲ್ಲ. ಆದರೆ ಆ ಅಂಜಿಕೆಯನ್ನು ಅಲಕ್ಷಿಸುವಂತೆಯೂ ಇಲ್ಲ. ಏಕೆಂಬುದನ್ನು ವಿಚಾರಮಾಡೋಣ.

ಮೊದಲು ಆ ರಸ್ತೆಯ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ‘ಬುಲ್ವಾರ್ ಪೆರಿಫೆರೀಕ್’ ಎಂಬ ಈ ಮಾರ್ಗವು ಪ್ಯಾರಿಸನ್ನು ಬಳೆಯಂತೆ ಸುತ್ತುವರಿದಿದೆ. ಇದರ ಉದ್ದ ಸುಮಾರು 35 ಕಿಲೋಮೀಟರು. 1841ರಿಂದ 1844ರವರೆಗೆ ಕಟ್ಟಿದ ಕೋಟೆಯ ಗೋಡೆಯೊಂದು ಹಿಂದೆ ನಗರವನ್ನು ಬಳಸಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಅದನ್ನು ಕೆಡವಿದರು. ಅದರ ಹೊರವಲಯದ ಬಯಲಿನಗುಂಟ ನಿರ್ಮಿಸಿದ ವರ್ತುಲ ಮಾರ್ಗವು 1973ರ ಏಪ್ರಿಲಿನಲ್ಲಿ ಪೂರ್ಣವಾಯಿತು. ಕೋಟೆ ಅಳಿದರೂ ಅದರ ಬಾಗಿಲುಗಳ ಹೆಸರು ಅಳಿಯಲಿಲ್ಲ. ಇಂದಿಗೂ ನಿರ್ಗಮನ ಸ್ಥಾನಗಳನ್ನು ‘ಪೋರ್ತ್’, ಅಂದರೆ ಬಾಗಿಲು, ಎಂಬ ಪದದಿಂದಲೇ ಗುರುತಿಸುತ್ತಾರೆ.

ಹೊಸಬನನ್ನು ಕಾಡುವ ಸಂಗತಿಗಳು ಇಲ್ಲಿ ಮೂರು. ಭಾರತದಲ್ಲಿ ನಾವು ರಸ್ತೆಯ ಎಡಗಡೆ ಚಲಿಸುತ್ತೇವೆ. ಫ್ರಾನ್ಸಿನಲ್ಲಿ ಬಲಗಡೆ ಚಲಿಸಬೇಕು. ಚಾಲಕನ ಪೀಠವೂ ಗಾಡಿಯ ಎಡಭಾಗದಲ್ಲಿರುತ್ತದೆ. ಎರಡನೆಯದು ಇನ್ನೂ ವಿಚಿತ್ರವಾದುದು. ಸಾಮಾನ್ಯವಾದ ಹೆದ್ದಾರಿಗಳಲ್ಲಿ ಹೊಸದಾಗಿ ಪ್ರವೇಶಿಸುವ ವಾಹನವು ಮುಖ್ಯ ಪ್ರವಾಹಕ್ಕೆ ದಾರಿ ಬಿಡಬೇಕು. ಇಲ್ಲಿಯಾದರೋ ಬಲದಿಂದ ಬರುವವರಿಗೆ ಪ್ರಾಶಸ್ತ್ಯ. ಆದ್ದರಿಂದ ವರ್ತುಲದಲ್ಲಿ ಆಗಲೇ ಸಾಗುತ್ತಿರುವವನೇ ಪ್ರವೇಶಿಸುವವನಿಗೆ ಎಡೆಮಾಡಿಕೊಡಬೇಕು. ಮೂರನೆಯದಾಗಿ, ಗಾಡಿ ಕೆಟ್ಟರೆ ನಿಲ್ಲಿಸಿಕೊಳ್ಳಲು ಪಕ್ಕದಲ್ಲಿ ಎಡೆಬಿಡದ ತುರ್ತು ಪಟ್ಟಿಯಿಲ್ಲ.

ಇನ್ನು ದೇಹದೊಳಗೆ ನಡೆಯುವುದೇನು? ಮಿದುಳಿನಲ್ಲಿ ಅಮಿಗ್ಡಲವೆಂಬ ಬಾದಾಮಿಯಾಕಾರದ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ ಅದು ಎಚ್ಚರಿಕೆಯನ್ನು ಸಾರುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳು ಅಡ್ರೀನಲಿನನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ಯಕೃತ್ತಿನಿಂದ ಸಕ್ಕರೆ ರಕ್ತಕ್ಕೆ ಹರಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿಯನ್ನು ಕಂಡಾಗ ಓಡಲು ಅಥವಾ ಕಾದಾಡಲು ಇದು ತಕ್ಕ ಸಿದ್ಧತೆ. ಆದರೆ ಕಾರಿನಲ್ಲಿ ಕುಳಿತವನು ಓಡುವಂತಿಲ್ಲ, ಕಾದಾಡುವಂತಿಲ್ಲ. ಅವನಿಂದ ಅಪೇಕ್ಷಿತವಾದುದು ಹಗುರವಾದ ಕೈ, ವಿಶಾಲವಾದ ನೋಟ.

ಹಾಗಾದರೆ ಅಂಜಿಕೆಯಿಂದ ಬರಿಯ ಕೇಡೇ? ಹಾಗೂ ಹೇಳಲಾಗದು. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1908ರಲ್ಲಿ ಇಲಿಗಳ ಕಲಿಕೆಯನ್ನು ಪರೀಕ್ಷಿಸಿದರು. ತಪ್ಪಿದಾಗ ಕೊಡುವ ವಿದ್ಯುದಾಘಾತ ತೀರ ಮೃದುವಾದರೆ ಇಲಿ ನಿಧಾನವಾಗಿ ಕಲಿಯಿತು. ಕೆಲಸ ಕಠಿಣವಾಗಿದ್ದಾಗ ಆಘಾತ ತೀರ ಪ್ರಬಲವಾದರೂ ಕಲಿಕೆ ಕುಂಠಿತವಾಯಿತು. ಮಧ್ಯಮ ಪ್ರಮಾಣವೇ ಅಲ್ಲಿ ಹಿತವಾಗಿತ್ತು. ಮನುಷ್ಯರ ಉದ್ವೇಗಕ್ಕೂ ಈ ಬಗೆಯ ಸಂಬಂಧವನ್ನು ತರುವಾಯದ ಮನೋವಿಜ್ಞಾನಿಗಳು ಅನ್ವಯಿಸಿದ್ದಾರೆ. ಉದ್ವೇಗ ಮಿತಿಮೀರಿದರೆ ಗಮನದ ವ್ಯಾಪ್ತಿ ಕಿರಿದಾಗುತ್ತದೆಂದು 1959ರಲ್ಲಿ ಈಸ್ಟರ್‌ಬ್ರೂಕ್ ಪ್ರತಿಪಾದಿಸಿದನು. ಹೆದರಿದ ಚಾಲಕನು ಮುಂದಿನ ಗಾಡಿಯ ಹಿಂಬದಿಯನ್ನೇ ದಿಟ್ಟಿಸುವನು; ಬಲದಿಂದ ನುಗ್ಗುವ ಲಾರಿಯಾಗಲಿ ಕನ್ನಡಿಯಲ್ಲಿ ಮೂಡುವ ಮೋಟಾರ್ ಸೈಕಲ್ಲಾಗಲಿ ಅವನ ಅರಿವಿಗೆ ಬಾರದಿರಬಹುದು. ನಿಜವಾದ ಅಪಾಯವಿರುವುದು ಇಲ್ಲಿ.

ಅನುಭವಿಯೂ ಹೀಗೆ ತಬ್ಬಿಬ್ಬಾಗುವುದಕ್ಕೆ ಕಾರಣ ಅಭ್ಯಾಸ. ಪಳಗಿದ ಕೆಲಸವನ್ನು ಮಿದುಳು ಪ್ರಜ್ಞೆಯ ಮೇಲ್ವಿಚಾರಣೆಯಿಲ್ಲದೆ ಮಾಡಿ ಮುಗಿಸುತ್ತದೆ. ಊರಿನ ದಾರಿಯಲ್ಲಿ ಹರಟುತ್ತ ಕಾರು ನಡೆಸುವುದು ಸಾಧ್ಯವಾಗುವುದು ಇದರಿಂದಲೇ. ಬಲಮಗ್ಗುಲಿನ ದೇಶದಲ್ಲಿ ಈ ಅಭ್ಯಾಸವೇ ವೈರಿಯಾಗುತ್ತದೆ. ಪ್ರತಿಯೊಂದು ತಿರುವನ್ನೂ ಆಲೋಚಿಸಿ ಮಾಡಬೇಕು. ಹಳೆಯ ರೂಢಿಯನ್ನು ತಡೆಯಲೂಬೇಕು. ಏಕಕಾಲದಲ್ಲಿ ಮನಸ್ಸು ಹಿಡಿದಿಡಬಲ್ಲ ಸಂಗತಿಗಳು ಕೆಲವೇ. ಆದ್ದರಿಂದ ಅವನ ಬಳಲಿಕೆ ಹೇಡಿತನವಲ್ಲ; ಮಿದುಳು ನಿಜವಾಗಿಯೂ ಹೆಚ್ಚು ದುಡಿಯುತ್ತಿದೆ.

ಅಂಜಿಕೆಯಿಂದ ಉಪಕಾರವಾದ ನಿದರ್ಶನವೊಂದು ಇತಿಹಾಸದಲ್ಲಿದೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶವು ಎಡಮಗ್ಗುಲಿನ ಸಂಚಾರವನ್ನು ಬಿಟ್ಟು ಬಲಮಗ್ಗುಲಿಗೆ ಬದಲಾಯಿತು. ಅನಾಹುತಗಳು ಹೆಚ್ಚುವುವೆಂದು ಶಂಕಿಸಿದವರಿಗೆ ಆಶ್ಚರ್ಯ ಕಾದಿತ್ತು. ಅಪಘಾತಗಳು ಕೆಲಕಾಲ ಇಳಿಮುಖವಾದವು. ಜನರಿಗೆ ರೂಢಿಯಾಗುತ್ತ ಬಂದಂತೆ ಮತ್ತೆ ಹಿಂದಿನ ಮಟ್ಟಕ್ಕೆ ಏರಿದವು. ಎಲ್ಲರೂ ಹಿತಮಿತವಾಗಿ ಹೆದರಿ ಎಚ್ಚರದಿಂದಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ಎಣಿಸಲಾಗಿದೆ.

ಸ್ವಲ್ಪ ಗಣಿತವೂ ಧೈರ್ಯ ತರಬಲ್ಲದು. ಈ ವರ್ತುಲದಲ್ಲಿ ವೇಗಮಿತಿಯನ್ನು 2024ರ ಅಕ್ಟೋಬರಿನಲ್ಲಿ ಗಂಟೆಗೆ 70 ಕಿಲೋಮೀಟರಿನಿಂದ 50ಕ್ಕೆ ಇಳಿಸಿದರು. 50ರ ವೇಗದಲ್ಲಿ ಗಾಡಿಯು ಸೆಕೆಂಡಿಗೆ ಸುಮಾರು 14 ಮೀಟರು ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಹಿಡಿದರೆ 14 ಮೀಟರು ಕಳೆಯಿತು; ಒಣ ರಸ್ತೆಯಲ್ಲಿ ನಿಲ್ಲಲು ಮತ್ತಷ್ಟೇ ದೂರ ಬೇಕು. ಒಟ್ಟು 28 ಮೀಟರು. ಮುಂದಿನ ಗಾಡಿಗೂ ನಮಗೂ ಎರಡು ಸೆಕೆಂಡುಗಳ ಅಂತರವಿದ್ದರೆ ಅಷ್ಟು ದೂರ ನಮ್ಮ ಕೈಯಲ್ಲಿದ್ದಂತೆಯೇ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 50ರಲ್ಲಿ ಡಿಕ್ಕಿಯ ಶಕ್ತಿಯು 70ರಲ್ಲಿರುವುದರ ಅರ್ಧದಷ್ಟು ಮಾತ್ರ.

ಪರಿಹಾರವು ಇವುಗಳಿಂದಲೇ ಹೊರಡುತ್ತದೆ. ಹೊರಡುವ ಮೊದಲೇ ಸೇರುವ ಬಾಗಿಲು, ಬಿಡುವ ಬಾಗಿಲುಗಳ ಹೆಸರನ್ನು ಕಂಠಪಾಠ ಮಾಡಿಕೊಂಡರೆ ಮನಸ್ಸಿನ ಹೊರೆ ಇಳಿಯುತ್ತದೆ. ಮೊದಲ ಯತ್ನವನ್ನು ದಟ್ಟಣೆಯಿಲ್ಲದ ಭಾನುವಾರದ ಮುಂಜಾನೆ ಮಾಡುವುದು ಲೇಸು. ಬಲತುದಿಯ ಪಟ್ಟಿಯಲ್ಲಿದ್ದರೆ ಪ್ರತಿಯೊಂದು ಪ್ರವೇಶದ ಬಳಿಯೂ ದಾರಿ ಬಿಡಲು ಸಿದ್ಧನಾಗಿರಬೇಕು. ಉಸಿರನ್ನು ನಿಧಾನವಾಗಿ ಹೊರಬಿಟ್ಟಾಗ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ತಗ್ಗುತ್ತದೆ. ಇದನ್ನು ಯಾರೂ ನಾಡಿ ಹಿಡಿದು ಪರೀಕ್ಷಿಸಬಹುದು.

ಬೇಕಾದ ಬಾಗಿಲು ತಪ್ಪಿಹೋದರೆ? ಆತುರದಿಂದ ಅಡ್ಡಹಾಯುವುದೇ ಘೋರವಾದ ತಪ್ಪು. ವರ್ತುಲಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. 50ರ ವೇಗದಲ್ಲಿ ಎಡೆಬಿಡದೆ ಸಾಗಿದರೆ 42 ನಿಮಿಷಗಳಲ್ಲಿ ಅದೇ ಬಾಗಿಲು ತಾನಾಗಿ ಎದುರು ಬರುತ್ತದೆ. ಮುಂದಿನ ಬಾಗಿಲಿನಲ್ಲಿ ಹೊರಬಿದ್ದು ಮರಳಿದರೆ ಇನ್ನೂ ಬೇಗ. ತಪ್ಪಿದ ದಾರಿಯ ಬೆಲೆ ಕೆಲವು ನಿಮಿಷಗಳಷ್ಟೇ ಎಂದು ತಿಳಿದವನ ಕೈ ತಾನಾಗಿ ಸಡಿಲವಾಗುತ್ತದೆ, ನೋಟ ವಿಶಾಲವಾಗುತ್ತದೆ.