ಮೊದಲ ದಿನದ ನೂಕುನುಗ್ಗಲು

ಕಂಪ್ಯೂಟರ್ ಜೋಡಿಸಿ ಮಾರುವ ಆರು ಕಂಪನಿಗಳು. ಒಂದರಲ್ಲೂ ಮನುಷ್ಯರಿಲ್ಲ. ಬಿಡಿಭಾಗಗಳಿಗೆ ಆರ್ಡರ್ ಹಾಕುವುದು, ಇವತ್ತು ಯಾವ ಮಾದರಿ ಜೋಡಿಸಬೇಕೆಂದು ತೀರ್ಮಾನಿಸುವುದು, ಗಿರಾಕಿಗೆ ದರ ಹೇಳುವುದು, ಎಲ್ಲವೂ ತಂತ್ರಾಂಶದ ಕೆಲಸ. ಇಂಥ ತಂತ್ರಾಂಶವನ್ನು ಏಜೆಂಟ್ ಎನ್ನುತ್ತಾರೆ. ಗುರಿಯೊಂದನ್ನು ಕೊಟ್ಟರೆ ಸಾಕು, ಪರಿಸ್ಥಿತಿ ನೋಡಿಕೊಂಡು ಉಳಿದದ್ದನ್ನು ತಾನೇ ನಿರ್ಧರಿಸುತ್ತದೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಸ್ವೀಡನ್ನಿನ ಕಂಪ್ಯೂಟರ್ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿ 2003ರಲ್ಲಿ ನಡೆಸಿದ ಸ್ಪರ್ಧೆ ಇದು. ಆಟದಲ್ಲಿ 220 ದಿನ. ಒಂದು ದಿನವೆಂದರೆ 15 ಸೆಕೆಂಡು. ಕೊನೆಗೆ ಯಾರ ಖಾತೆಯಲ್ಲಿ ಹೆಚ್ಚು ಹಣವಿದೆಯೋ ಅವರಿಗೆ ಗೆಲುವು.

ಆರಂಭದಲ್ಲಿ ಪೂರೈಕೆದಾರರ ಕೈಯಲ್ಲಿ ಒಂದೂ ಆರ್ಡರ್ ಇಲ್ಲ. ಹಾಗಾಗಿ ಬೆಲೆ ತೀರಾ ಅಗ್ಗ. ಏಜೆಂಟುಗಳಿಗೆ ಇದರ ವಾಸನೆ ಹತ್ತಲು ತಡವಾಗಲಿಲ್ಲ. ಗಿರಾಕಿ ಎಷ್ಟು ಕೇಳುತ್ತಾನೋ ಗೊತ್ತಾಗುವ ಮೊದಲೇ, ಮೊದಲ ದಿನವೇ ರಾಶಿ ರಾಶಿ ಬಿಡಿಭಾಗಗಳಿಗೆ ಮುಗಿಬಿದ್ದವು. ಪ್ರತಿಯೊಂದರ ಲೆಕ್ಕವೂ ಸರಿಯೇ. ಆದರೆ ಎಲ್ಲರ ಬಳಿಯೂ ಮಾಲು ತುಂಬಿದಾಗ ಕಂಪ್ಯೂಟರುಗಳ ದರ ಕುಸಿಯಿತು, ಲಾಭ ಕರಗಿತು.

ಮಿಶಿಗನ್ ವಿಶ್ವವಿದ್ಯಾಲಯದ ‘ಡೀಪ್‌ಮೇಜ್’ ತಂಡ ಇದಕ್ಕೊಂದು ಕಿಲಾಡಿ ಉಪಾಯ ಹೂಡಿತು. ಮೊದಲ ದಿನ ಪೂರೈಕೆದಾರರಿಗೆ ದೈತ್ಯ ಗಾತ್ರದ ಬೇಡಿಕೆ ಕಳಿಸಿತು. ಅದು ಸರದಿಯಲ್ಲಿ ಮುಂದೆ ಬಂದರೆ ಇಡೀ ಉತ್ಪಾದನಾ ಸಾಮರ್ಥ್ಯವೇ ಅದರಲ್ಲಿ ಮುಳುಗುತ್ತಿತ್ತು. ಹಿಂದಿದ್ದವರಿಗೆ ಉಳಿಯುತ್ತಿದ್ದುದು ದೂರದ ತಾರೀಖು ಮಾತ್ರ. ಹೀಗೆ ಅಡ್ಡಗಾಲು ಹಾಕಿದ ಮೇಲೆ ಎಲ್ಲರ ಬಳಿಯೂ ಮಾಲು ತುಂಬುವುದು ತಪ್ಪಿ ಎದುರಾಳಿಗಳ ಲಾಭವೂ ಏರಿತು! ಗೆದ್ದದ್ದು ಮಾತ್ರ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ‘ರೆಡ್‌ಏಜೆಂಟ್’.

ಆಮೇಲೆ ಸಂಘಟಕರು ದಾಸ್ತಾನಿಗೆ ಶುಲ್ಕ ಹಾಕಿದರು, ಪೂರೈಕೆದಾರರು ಬೆಲೆ ಕಟ್ಟುವ ರೀತಿಯನ್ನೂ ಬದಲಿಸಿದರು. ಏಜೆಂಟುಗಳ ಬುದ್ಧಿ ತಿದ್ದಿದ್ದಕ್ಕಿಂತ ನಿಯಮ ತಿದ್ದಿದ್ದೇ ಮುಖ್ಯವಾಯಿತು ಎಂದು ನನಗನಿಸುತ್ತದೆ.

ನಿಜವಾದ ಪೂರೈಕೆ ಸರಪಳಿಯ ಕಥೆಯೂ ದೂರವಿಲ್ಲ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಡಯಾಪರ್ ವಿಷಯ ನೋಡಿ. ಮಕ್ಕಳು ಬಳಸುವ ಪ್ರಮಾಣ ಹೆಚ್ಚುಕಡಿಮೆ ಒಂದೇ; ಆದರೆ ಅಂಗಡಿಯಿಂದ ವಿತರಕನಿಗೆ, ವಿತರಕನಿಂದ ಕಾರ್ಖಾನೆಗೆ ಹೋಗುತ್ತಾ ಆರ್ಡರುಗಳ ಏರಿಳಿತ ದೊಡ್ಡದಾಗುತ್ತಿತ್ತು. ಸಂಶೋಧಕ ಹೌ ಲೀ ಮತ್ತು ಜೊತೆಗಾರರು 1997ರಲ್ಲಿ ಇದರ ಕಾರಣಗಳನ್ನು ಬಿಡಿಸಿಟ್ಟರು: ಕೊರತೆಯ ಭಯಕ್ಕೆ ಹೆಚ್ಚು ಕೇಳುವುದು, ರಿಯಾಯಿತಿ ಸಿಕ್ಕಾಗ ತುಂಬಿಕೊಳ್ಳುವುದು, ಆರ್ಡರುಗಳನ್ನು ಒಟ್ಟುಗೂಡಿಸಿ ಒಮ್ಮೆಲೇ ಕಳಿಸುವುದು, ಕೆಳಗಿನವರ ಆರ್ಡರನ್ನೇ ಬೇಡಿಕೆಯೆಂದು ನಂಬುವುದು. ಇವೇ ಚಾಳಿಗಳನ್ನು ಏಜೆಂಟಿಗೆ ಕಲಿಸಿದರೆ ಅದು ಅವನ್ನೇ ಇನ್ನಷ್ಟು ವೇಗವಾಗಿ ಮಾಡುತ್ತದೆ. ಅಂಗಡಿಯ ನಿಜವಾದ ಮಾರಾಟದ ಲೆಕ್ಕ ಕಾರ್ಖಾನೆಯವರೆಗೂ ಕಾಣುವಂತಿದ್ದರೆ ಮಾತ್ರ ಅದರ ಜಾಣತನಕ್ಕೆ ಬೆಲೆ.

ನಿಮ್ಮ ಕಂಪನಿಗೆ ಇಂಥ ಏಜೆಂಟನ್ನು ಮಾರಲು ಯಾರಾದರೂ ಬಂದರೆ, ನಿಮ್ಮ ಎದುರಾಳಿಯೂ ಅದನ್ನೇ ಕೊಂಡಾಗ ಏನಾಗುತ್ತದೆ ಎಂದು ಮೊದಲು ಕೇಳಿ.