ಅಜ್ಜಿಯನ್ನು ಕೇಳಿ: ಮನೆಯಲ್ಲಿ ಯಾರಿಗಾದರೂ ಇರುಳುಗುರುಡು ಇತ್ತೇ?

ಸಿನಿಮಾ ಶುರುವಾದ ಮೇಲೆ ಥಿಯೇಟರಿಗೆ ಹೋದರೆ ನಿಮ್ಮ ಮಗ ಸೀಟು ಕಾಣದೆ ತಡಕಾಡುತ್ತಾನೆಯೇ? ಕತ್ತಲಾಗುತ್ತಿದ್ದಂತೆ ಮಗಳು ನಿಮ್ಮ ಕೈ ಬಿಡುವುದೇ ಇಲ್ಲವೇ? ಎಷ್ಟೋ ಸಲ ಅದು ಬರೀ ಹೆದರಿಕೆ. ಮತ್ತೆ ಮತ್ತೆ ಹಾಗೇ ಆದರೆ ಮಾತ್ರ ಕಣ್ಣಿನ ಡಾಕ್ಟರಿಗೆ ತೋರಿಸಿ. "ಕ್ಯಾರೆಟ್ ಕೊಡಿ, ಸರಿಹೋಗುತ್ತೆ" ಎಂದು ಊರಿನಿಂದ ಸಲಹೆ ಬರಬಹುದು. ಎ ವಿಟಮಿನ್ ಕೊರತೆಗೆ ಆ ಮಾತು ಸರಿ. ಚೆನ್ನಾಗಿ ಉಣ್ಣುವ ಮಗುವಿಗೆ ಕಾರಣ ಬೇರೆಯೇ ಇರಬಹುದು.

ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಜೀವಕೋಶಗಳಿವೆ. ಮಬ್ಬು ಬೆಳಕಿಗೆ ಸುಮಾರು 12 ಕೋಟಿ ರಾಡ್‌ಗಳು. ಹಗಲಿಗೆ, ಬಣ್ಣಕ್ಕೆ ಸುಮಾರು 60 ಲಕ್ಷ ಕೋನ್‌ಗಳು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ವಂಶಪಾರಂಪರ್ಯ ಕಾಯಿಲೆಯಲ್ಲಿ ಮೊದಲು ರಾಡ್‌ಗಳು, ಆಮೇಲೆ ಕೋನ್‌ಗಳು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕು. 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಕ್ಸ್‌ಟರ್ನಾ ಚಿಕಿತ್ಸೆ ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ. ಅದೂ ಜೀವಂತ ಕೋಶಗಳು ಸಾಕಷ್ಟು ಉಳಿದಿದ್ದರೆ ಮಾತ್ರ. ಆದ್ದರಿಂದ ಯಾವ ಜೀನಿನ ದೋಷವೆಂದು ಬೇಗ ತಿಳಿಯಬೇಕು.

ಟೆಕ್ಸಸ್‌ನಲ್ಲಿರುವವರಿಗೆ ಇದಕ್ಕೆ ಅನುಕೂಲವಿದೆ. ಡಲ್ಲಾಸ್‌ನ ರೆಟಿನಾ ಫೌಂಡೇಶನ್ ಇಂಥ ಕಾಯಿಲೆಗಳ ಸಂಶೋಧನೆ, ಹೊಸ ಚಿಕಿತ್ಸೆಗಳ ಪ್ರಯೋಗ ನಡೆಸುತ್ತದೆ. ರೆಟಿನಾ ಕಾಯಿಲೆಗಳ ಜೀನ್‌ಗಳನ್ನು ಪಟ್ಟಿಮಾಡಿರುವ ರೆಟ್‌ನೆಟ್ ರೂಪುಗೊಂಡಿದ್ದು ಹ್ಯೂಸ್ಟನ್‌ನ ಯುಟಿಹೆಲ್ತ್‌ನಲ್ಲಿ, ಸ್ಟೀಫನ್ ಡೈಗರ್ ಅವರ ತಂಡದಿಂದ. ಆಸ್ಟಿನ್‌ನವರಿಗೆ ಡೆಲ್ ಮೆಡಿಕಲ್ ಸ್ಕೂಲಿನ ನೇತ್ರ ವಿಭಾಗವಿದೆ.

ಎಲ್ಲಿಗೆ ಹೋದರೂ ಒಂದು ಪ್ರಶ್ನೆ ತಪ್ಪದು: ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ? ಅದರ ಉತ್ತರ ಊರಿನಲ್ಲಿದೆ, ಕನ್ನಡದಲ್ಲಿದೆ. ಸೋದರಮಾವನಿಗೆ, ಅತ್ತೆಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ದಂಪತಿ ರಕ್ತಸಂಬಂಧಿಗಳಾಗಿದ್ದರು. ಅಂಥ ಮನೆಗಳಲ್ಲಿ ಒಂದೇ ದೋಷ ತಾಯಿ, ತಂದೆ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಡಾಕ್ಟರಿಗೆ ಹೇಳಲೇಬೇಕಾದ ವಿಷಯ.

ಬರೀ "ಅಂಕಲ್", "ಕಸಿನ್" ಎಂದರೆ ಆ ಎಳೆ ಸಿಗುವುದಿಲ್ಲ. ಸೋದರಮಾವನೋ ಚಿಕ್ಕಪ್ಪನೋ, ಅತ್ತೆಮಗನೋ ದೊಡ್ಡಪ್ಪನ ಮಗನೋ ಎಂಬುದನ್ನು ನಮ್ಮ ಮಾತೇ ಬಿಡಿಸಿ ಹೇಳುತ್ತದೆ. ಈ ಭಾನುವಾರ ಫೋನಿನಲ್ಲಿ ಮಕ್ಕಳಿಂದಲೇ ಕೇಳಿಸಿ: "ಅಜ್ಜಿ, ನಮ್ಮ ಮನೇಲಿ ಯಾರಿಗಾದ್ರೂ ರಾತ್ರಿ ಕಣ್ಣು ಕಾಣ್ತಿರ್ಲಿಲ್ವಾ?" ಅವರು ಹೇಳಿದ ಹೆಸರುಗಳನ್ನೂ ಸಂಬಂಧಗಳನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಡಾಕ್ಟರ ಬಳಿ ಹೋಗುವಾಗ ಅದು ಕೈಯಲ್ಲಿರಲಿ.