ಇರುಳಿಗರು ತಾವಾಗಿ ದೂರ ಉಳಿದವರಲ್ಲ

ಕನಕಪುರ, ಮಾಗಡಿ, ರಾಮನಗರದ ಕಡೆ ಕಾಡಂಚಿನ ಬುಡಕಟ್ಟಾದ ಇರುಳಿಗರ ವಿಷಯ ಬಂದರೆ ಜನರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ: ‘ಅವರಿಗೆ ಕಾಡೇ ಆಗಬೇಕು, ಊರಿಗೆ ಬನ್ರಪ್ಪ ಅಂದರೂ ಬರಲ್ಲ.’ ಹೇಳುವವರಲ್ಲಿ ಹೆಚ್ಚಿನವರಿಗೆ ಇರುಳಿಗರ ಮೇಲೆ ದ್ವೇಷವೇನಿಲ್ಲ. ಕೆಲವರಂತೂ ಮೆಚ್ಚಿಕೊಂಡೇ ಹೇಳುತ್ತಾರೆ. ಆದರೆ ಈ ಮಾತು ಒಂದು ದೊಡ್ಡ ವಿಷಯವನ್ನು ಮುಚ್ಚಿಡುತ್ತದೆ. ಇರುಳಿಗರು ವಾಸಿಸುವ ದೊಡ್ಡಿಗೆ ರಸ್ತೆ ಇಲ್ಲ, ಮನೆಗೆ ಹಕ್ಕುಪತ್ರವಿಲ್ಲ, ಉಳುವ ತುಂಡು ನೆಲ ಯಾವ ಪಹಣಿಯಲ್ಲೂ ಇಲ್ಲ ಎಂದರೆ, ಅದು ಅವರ ಸ್ವಭಾವ, ಅವರ ಆಯ್ಕೆ ಎಂದು ಒಪ್ಪಿಕೊಂಡು ಸುಮ್ಮನಾಗಲು ಇದು ದಾರಿ ಮಾಡಿಕೊಡುತ್ತದೆ. ಊರಿಗೂ ಅವರಿಗೂ ನಡುವೆ ಇರುವ ದೂರದ ಬಹುಪಾಲನ್ನು ತಂದದ್ದು ಅವರ ಆಚಾರವಲ್ಲ, ನಮ್ಮ ಕಾನೂನು ಮತ್ತು ಕಾಗದಪತ್ರ.

ಮೊದಲು ಒಂದು ಸಣ್ಣ ಗೊಂದಲ ತೆಗೆದುಬಿಡೋಣ. ಇರುಳಿಗರೆಂದರೆ ಹಾವು ಹಿಡಿಯುವವರು ಎಂದು ಅನೇಕರು ನಂಬಿದ್ದಾರೆ. ಅದು ತಮಿಳುನಾಡಿನ ಇರುಳರ ಕಥೆ. ಚೆನ್ನೈ ಬಳಿ 1978ರಲ್ಲಿ ಹಾವು ಹಿಡಿಯುವ ಇರುಳರ ಸಹಕಾರ ಸಂಘ ಹುಟ್ಟಿತು. ಹಾವು ಕಡಿತದ ಔಷಧಕ್ಕೆ ಬೇಕಾದ ವಿಷವನ್ನು ಅದು ಇಂದಿಗೂ ಒದಗಿಸುತ್ತಿದೆ. ಆ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2021ರ ‘ಜೈ ಭೀಮ್’ ಸಿನಿಮಾ ತೋರಿಸಿದ್ದೂ ಅವರನ್ನೇ. ನಮ್ಮ ಸೀಮೆಯವರು ಇರುಳಿಗರು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಇರುಳರ್’ ಮತ್ತು ‘ಇರುಳಿಗ’ ಎರಡು ಬೇರೆ ಬೇರೆ ನಮೂದುಗಳು. ಹೆಸರಿನ ಮೂಲ ಒಂದೇ ಆಗಿರಬಹುದು, ಬದುಕಿನ ಕಸುಬು ಬೇರೆ. ಜೇನು, ಗೆಣಸು, ಬಿದಿರು, ರಾಗಿ ಇವರ ಕಾಡಂಚಿನ ಬದುಕಿಗೆ ಸೇರಿದವು. ಈಗ ಬಹಳಷ್ಟು ಜನ ಮಾವಿನ ತೋಪಿನಲ್ಲಿ, ಹಿಪ್ಪುನೇರಳೆ ತೋಟದಲ್ಲಿ ಕೂಲಿಗೆ ಹೋಗುವವರು.

ತಾವಾಗಿ ದೂರ ಉಳಿಯುವುದು ಅಂದರೇನು ಎಂದು ತಿಳಿಯಲು ಅಮೆರಿಕದ ಆಮಿಶರನ್ನು ನೋಡಬೇಕು. 1693ರ ಸುಮಾರಿಗೆ ಯಾಕೋಬ್ ಅಮ್ಮಾನ್ ಎಂಬಾತನ ಹಿಂದೆ ನಡೆದು ಬೇರೆಯಾದ ಈ ಕ್ರೈಸ್ತ ಪಂಥದವರು 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದರು. ಇಂದಿಗೂ ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ, ಮನೆಗೆ ಸಾರ್ವಜನಿಕ ವಿದ್ಯುತ್ ತಂತಿ ಎಳೆಸುವುದಿಲ್ಲ. ಇವರು ತಂತ್ರಜ್ಞಾನದ ಶತ್ರುಗಳೆಂಬುದು ಜನಪ್ರಿಯ ಕಲ್ಪನೆ. ನಿಜವಾಗಿ ಅವರ ಒಂದೊಂದು ಸಭೆಯೂ ಕೂತು, ಯಾವುದು ಬೇಕು ಯಾವುದು ಬೇಡ ಎಂದು ತೀರ್ಮಾನಿಸುತ್ತದೆ. ಫೋನ್ ಮನೆಯೊಳಗೆ ಬೇಡ, ಹೊಲದಂಚಿನ ಗೂಡಿನಲ್ಲಿದ್ದರೆ ಅಡ್ಡಿಯಿಲ್ಲ ಎನ್ನುವ ಸಭೆಗಳಿವೆ. ಮಕ್ಕಳಿಗೆ 8ನೇ ತರಗತಿಯವರೆಗಿನ ಓದು ಸಾಕು ಎಂದ ಆಮಿಶ್ ತಂದೆತಾಯಿಯರ ಮಾತನ್ನು 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕಳೆದ ಶತಮಾನದ ಆರಂಭದಲ್ಲಿ ಕೆಲವೇ ಸಾವಿರವಿದ್ದ ಅವರು ಈಗ 4 ಲಕ್ಷದ ಗಡಿಯಲ್ಲಿದ್ದಾರೆ. ಇದೆಲ್ಲದರ ಅಡಿಯಲ್ಲಿ ನಾವು ಗಮನಿಸದೆ ಬಿಡುವ ಒಂದು ಸಂಗತಿಯಿದೆ: ಆಮಿಶ್ ರೈತನ ಹೊಲ ಅವನ ಹೆಸರಿನಲ್ಲಿದೆ. ಪತ್ರ ಅವನ ಕೈಯಲ್ಲಿದೆ. ಬೇಡ ಎಂದು ಹೇಳುವ ಶಕ್ತಿ ಅವನಿಗೆ ಬಂದದ್ದು ಅಲ್ಲಿಂದ.

ಹೆಚ್ಚಿನ ಇರುಳಿಗರ ಕೈಯಲ್ಲಿ ಅಂಥ ಕಾಗದ ಇಲ್ಲ. ಇದು ಹೇಗಾಯಿತು ಎಂಬುದು ಮುಖ್ಯ. ಸಾವನದುರ್ಗದ ತಪ್ಪಲಾಗಲಿ ಕನಕಪುರದ ದಕ್ಷಿಣದ ಗುಡ್ಡಸಾಲಾಗಲಿ, ಇಲ್ಲಿ ಕಾಡಿನ ಮೇಲೆ ಸರ್ಕಾರದ ಗೆರೆ ಬಿದ್ದಾಗ ಕಾಡೊಳಗಿದ್ದ ಒಲೆಗಳನ್ನು ಎಣಿಸಿ ಬರೆದುಕೊಂಡವರು ಕಡಿಮೆ. ಮೈಸೂರು ಸಂಸ್ಥಾನದ 1900ರ ಅರಣ್ಯ ಕಾನೂನು, ಆಮೇಲೆ 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ, 1974ರ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, 1987ರ ಕಾವೇರಿ ವನ್ಯಧಾಮ, ಹೀಗೆ ಒಂದರ ಮೇಲೊಂದು ಬಂದವು. ಒಂದೊಂದಕ್ಕೂ ಅದರದೇ ಸಮರ್ಥನೆ ಇತ್ತು, ಕಾಡು ಉಳಿಯಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಅಪ್ಪ ಬಂಡೆಯಿಂದ ಹೆಜ್ಜೇನು ಇಳಿಸಿದರೆ ಕಸುಬು, ಅದೇ ಬಂಡೆಯಿಂದ ಮಗ ಇಳಿಸಿದರೆ ಕೇಸು ಎನ್ನುವಂತಾಯಿತು. ಗೆಣಸಿನ ಅಗೆತವನ್ನೇ ನೋಡಿ. ಬಳ್ಳಿ ಹಳದಿಯಾದ ಮೇಲೆ ಬುಡ ಹುಡುಕಿ, ಮೊಣಕಾಲೂರಿ ಹಾರೆಯಿಂದ ಮಣ್ಣು ಬಿಡಿಸುತ್ತ ಹೋಗಬೇಕು. ಕೆಲವೊಮ್ಮೆ ಆಳುದ್ದ ಗುಂಡಿಯಾಗುತ್ತದೆ. ಗೆಣಸು ತೆಗೆದ ಮೇಲೆ ಬಳ್ಳಿ ಹಿಡಿದ ತಲೆಭಾಗವನ್ನು ಗುಂಡಿಯಲ್ಲೇ ಬಿಟ್ಟು ಮಣ್ಣು ಮುಚ್ಚುವುದು ನಮ್ಮ ಗಿರಿಜನರ ರೂಢಿ. ಮುಂದಿನ ಮಳೆಗೆ ಅದು ಮತ್ತೆ ಚಿಗುರಬೇಕು. ಅರಣ್ಯದ ಕಾನೂನಿಗೆ ಆ ಗುಂಡಿಯೊಂದೇ ಕಾಣುತ್ತಿತ್ತು, ಮುಚ್ಚಿಟ್ಟ ತಲೆಭಾಗ ಕಾಣುತ್ತಿರಲಿಲ್ಲ.

2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಮಾಡಿತು. ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಆ ಕಾಯ್ದೆಯ ಪೀಠಿಕೆಯೇ ಒಪ್ಪಿಕೊಂಡಿದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ನೆಲ ಹಿಡಿದಿರುವ ಪರಿಶಿಷ್ಟ ಪಂಗಡದ ಕುಟುಂಬಕ್ಕೆ ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕು ಸಿಗಬಹುದು. ಜೇನು, ಬಿದಿರು, ಸೀಗೆಕಾಯಿಯಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನವೂ ಅವರದೇ. 3 ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕೆಂಬ ಷರತ್ತು ಇರುವುದು ಪಂಗಡಕ್ಕೆ ಸೇರದ ಇತರ ಅರಣ್ಯವಾಸಿಗಳಿಗೆ. ಇರುಳಿಗರಿಗೂ ಅದು ಬೇಕು ಎಂದುಕೊಳ್ಳುವುದು ತಪ್ಪು. ಇನ್ನೂ ಮುಖ್ಯವಾದದ್ದು ಸಾಕ್ಷ್ಯದ ನಿಯಮ. ಕಾಗದವೇ ಬೇಕೆಂದಿಲ್ಲ. ಪಾಳುಬಿದ್ದ ಮನೆಯ ತಳಪಾಯ, ಬಾವಿ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಪೂಜೆ ನಡೆಯುವ ಕಲ್ಲು, ವಯಸ್ಸಾದವರು ಹೇಳಿ ಬರೆಸಿದ ಮಾತು, ಇವೆಲ್ಲ ಸಾಕ್ಷ್ಯಗಳೇ. ವರ್ಷಕ್ಕೊಮ್ಮೆ ಗುಡ್ಡ ಹತ್ತಿ ಹಿರಿಯರ ಕಲ್ಲಿಗೆ ಎಡೆಯಿಟ್ಟು ಬರುವುದನ್ನು ಮೂಢನಂಬಿಕೆ ಎಂದು ನೋಡಿದವರಿದ್ದಾರೆ. ಕಾಯ್ದೆಯ ಕಣ್ಣಿಗೆ ಅದು ಆ ನೆಲದಲ್ಲಿ ಇಂಥವರ ಅಜ್ಜ ಬದುಕಿದ್ದ ಎನ್ನುವುದಕ್ಕೆ ಪುರಾವೆ.

ಹಕ್ಕು ಕೊಟ್ಟರೆ ಕಾಡು ಹಾಳಾಗುತ್ತದೆ ಎನ್ನುವ ಆತಂಕ ಪ್ರಾಮಾಣಿಕವಾದದ್ದೇ, ಅದಕ್ಕೆ ಉತ್ತರ ಹೇಳಲೇಬೇಕು. ಕಾಯ್ದೆ ಹೊಸದಾಗಿ ಕಾಡು ಕಡಿಯಲು ಬಿಡುವುದಿಲ್ಲ, ಈಗಾಗಲೇ ಹಿಡಿತದಲ್ಲಿರುವ ನೆಲವನ್ನಷ್ಟೇ ಗುರುತಿಸುತ್ತದೆ. ಆ ಹಕ್ಕು ವಂಶಪಾರಂಪರ್ಯವಾಗಿ ಬರುತ್ತದೆ, ಮಾರಲು ಬರುವುದಿಲ್ಲ. ಪತ್ರ ಗಂಡಹೆಂಡಿರಿಬ್ಬರ ಹೆಸರಿನಲ್ಲಿರುತ್ತದೆ. ಬೆಂಗಳೂರಿನ ಲೇಔಟಿನವರು ಬಂದು ಕೊಂಡುಬಿಡುತ್ತಾರೆ ಎನ್ನುವವರು ಇದನ್ನು ಓದಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಅಲ್ಲಿನ ಗಿರಿಜನರಾದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದು ಆಗಲೂ ಹುಲಿಧಾಮ, ಈಗಲೂ ಹುಲಿಧಾಮ. ನಮ್ಮ ಸೀಮೆಯ ಗುಡ್ಡಗಳನ್ನೇ ಕರಗಿಸಿದ್ದು ಗೆಣಸಿನ ಹಾರೆಯಲ್ಲ, ಕಲ್ಲುಗಣಿ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಸರ್ಕಾರ ಮನೆ ಕಟ್ಟಿಸಿಕೊಟ್ಟರೂ ಇವರು ಬಿಟ್ಟು ಹೋಗುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ, ಅಂದಮೇಲೆ ಆಮಿಶರಿಗೂ ಇವರಿಗೂ ಏನು ವ್ಯತ್ಯಾಸ? ಬಿಟ್ಟು ಹೋಗುವುದೂ, ಶಾಲೆ ತಪ್ಪುವುದೂ ಸುಳ್ಳಲ್ಲ. ಆದರೆ ಕೂಲಿ ಸಿಗುವ ತೋಟ ಐದಾರು ಮೈಲಿ ಆಚೆಗಿದ್ದು, ಕಾಲೊನಿಯ ಬೋರ್‌ವೆಲ್ ಬತ್ತಿದ್ದರೆ, ಯಾವ ಜಾತಿಯ ಕುಟುಂಬವಾದರೂ ಬೀಗ ಹಾಕಿ ಹೊರಡುತ್ತದೆ. ತಂದೆತಾಯಿ ಕೆಲಸವಿರುವ ಕಡೆ ಗುಡಿಸಲು ಹಾಕಿದಾಗ ಮಗು ಹಾಜರಿ ಪುಸ್ತಕದಿಂದ ಜಾರುತ್ತದೆ. ಆಮಿಶ್ ಮಗು 8ನೇ ತರಗತಿಗೆ ಓದು ನಿಲ್ಲಿಸಿದರೆ ಅದರ ಮುಂದೆ ಹೊಲವಿದೆ, ಮರಗೆಲಸದ ಅಂಗಡಿಯಿದೆ, ಕೈಹಿಡಿಯುವ ಸಭೆಯಿದೆ. ಇರುಳಿಗರ ಹುಡುಗಿ ಶಾಲೆ ಬಿಟ್ಟರೆ ಅವಳ ಮುಂದಿರುವುದು ಹೆಚ್ಚಾಗಿ ಮರುದಿನದ ಕೂಲಿ.

ಈ ದೂರ ಕಡಿಮೆ ಮಾಡುವ ದಾರಿ ಕಾನೂನಿನಲ್ಲೇ ಇದೆ. ಊರು ಎಂದು ದಾಖಲಾಗದ ನೆಲೆಗಳಲ್ಲಿ ವಾಸಿಸುವವರಿಗೆ ಮನೆಯ ಒಡೆತನ ಕೊಡಲು ರಾಜ್ಯದ ಭೂಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿಸಲಾಗಿದೆ. ತಾಂಡಾ, ಗೊಲ್ಲರಹಟ್ಟಿ, ಹಾಡಿಗಳ ಜೊತೆ ಅದರಲ್ಲಿ ‘ದೊಡ್ಡಿ’ ಎಂಬ ಪದವೂ ಇದೆ, ರಾಮನಗರ ಸೀಮೆಯ ನೂರಾರು ಊರುಗಳ ಬಾಲದಲ್ಲಿರುವ ಅದೇ ಪದ. ಆದರೆ ಆ ಕಲಂ ನಡೆಯುವುದು ಖಾಸಗಿ ಜಮೀನಿನ ಮೇಲೆ. ಅರಣ್ಯದ ಗೆರೆಯೊಳಗಿನ ದೊಡ್ಡಿಗೆ 2006ರ ಕಾಯ್ದೆಯೇ ದಾರಿ. ಅಲ್ಲಿ ಅರ್ಜಿ ಗ್ರಾಮಸಭೆಯಲ್ಲಿ ಹುಟ್ಟಿ, ಉಪವಿಭಾಗ ಸಮಿತಿ ದಾಟಿ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಯ ಮುಂದೆ ಬರಬೇಕು. ವಿಚಾರಣೆ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಮೇಲ್ಮನವಿಗೆ 60 ದಿನ ಸಮಯವಿದೆ.